ಕುರ್ಚಿ ಬಿಟ್ಟೆದ್ದ ರಾಣಿ

(ಪ್ರಸಾರ: 14 ಜನವರಿ 2024, ಭಾನುವಾರ ರಾತ್ರಿ)



ನಾಳೆ ಸಂಕ್ರಾಂತಿ. ಮನೆಯಲ್ಲಿ ಎಳ್ಳು ಬೀರೋ ತಯಾರಿ ನಡೀತಿರುತ್ತೆ. ಕೊಬ್ಬರಿ ಹೆಚ್ಚುತ್ತಲೇ ಕೇಳಿ, ತೊಂದರೆಯಿಲ್ಲ. ಇವತ್ತು ನಮ್ಮ ರಾಜಕೀಯ ಬೇಡ. ಇವತ್ತು ಸಂಜೆ ಕೋಪನ್‌ಹೇಗನ್‌ನಲ್ಲಿ ನಡೆದದ್ದನ್ನು ಹೇಳ್ತೀನಿ.

ಡೆನ್ಮಾರ್ಕ್‌ನ ಕ್ರಿಶ್ಚಿಯನ್ಸ್‌ಬೋರ್ಗ್ ಅರಮನೆ. ಒಳಗೆ ಒಂದು ಮೇಜು, ಸುತ್ತ ಮಂತ್ರಿಗಳು. ಮೇಜಿನ ತುದಿಯ ಕುರ್ಚಿಯಲ್ಲಿ 83 ವರ್ಷದ ಅಜ್ಜಿ. ಎರಡನೇ ಮಾರ್ಗ್ರೇಟ, ಆ ದೇಶದ ರಾಣಿ. ಪಕ್ಕದಲ್ಲಿ 55 ವರ್ಷದ ಮಗ, ಜೊತೆಗೆ ಮೊನ್ನೆ ಅಕ್ಟೋಬರ್‌ನಲ್ಲಿ 18 ತುಂಬಿದ ಮೊಮ್ಮಗ. ಮುಂದೆ ಒಂದು ಕಾಗದ. ಅಜ್ಜಿ ಸಹಿ ಹಾಕಿದರು. ಎದ್ದರು. ತಾವು ಕೂತಿದ್ದ ಕುರ್ಚಿಯ ಕಡೆಗೆ ಮಗನಿಗೆ ಕೈ ತೋರಿಸಿದರು. ದೇವರು ರಾಜನನ್ನು ಕಾಪಾಡಲಿ ಅಂದರು. ಊರುಗೋಲು ಹಿಡಿದು ಕೋಣೆಯಿಂದ ಹೊರಗೆ ನಡೆದರು. ಮುಗೀತು! 52 ವರ್ಷದ ಆಳ್ವಿಕೆ ಮುಗಿಯೋದಕ್ಕೆ ಹಿಡಿದದ್ದು ಕೆಲವೇ ನಿಮಿಷ. ಆಮೇಲೆ ಪ್ರಧಾನಿ ಮೆಟ್ಟೆ ಫ್ರೆಡೆರಿಕ್ಸೆನ್ ಬಾಲ್ಕನಿಗೆ ಬಂದು, ಕೆಳಗೆ ಕಿಕ್ಕಿರಿದ ಜನಕ್ಕೆ ಹತ್ತನೇ ಫ್ರೆಡೆರಿಕ್ ಇನ್ನು ರಾಜ ಅಂತ ಸಾರಿದರು. ಕಿರೀಟಧಾರಣೆ ಇಲ್ಲ, ಪಟ್ಟಾಭಿಷೇಕ ಇಲ್ಲ. 1849ರಲ್ಲಿ ಸಂವಿಧಾನ ಬಂದ ಮೇಲೆ ಆ ದೇಶದಲ್ಲಿ ಆ ಪದ್ಧತಿಯೇ ನಿಂತುಹೋಗಿದೆ.

ಸ್ವಂತ ಇಚ್ಛೆಯಿಂದ ಡೆನ್ಮಾರ್ಕ್‌ನ ಪಟ್ಟ ಬಿಟ್ಟವರು ಇದಕ್ಕೆ ಮುಂಚೆ ಯಾವಾಗ ಇದ್ದರು ಗೊತ್ತಾ? 1146ರಲ್ಲಿ. ಎರಿಕ್ ಲ್ಯಾಮ್ ಅನ್ನೋ ರಾಜ ರಾಜ್ಯ ಬಿಟ್ಟು ಓಡೆನ್ಸೆ ಊರಿನ ಮಠ ಸೇರಿಕೊಂಡ. ಅದಾದ ಮೇಲೆ ಇವತ್ತೇ. ನಡುವೆ 878 ವರ್ಷ. ಬೇರೆ ರಾಜರೆಲ್ಲ ಒಂದೋ ಕೂತಲ್ಲೇ ಸತ್ತರು, ಇಲ್ಲಾ ಯಾರೋ ತಳ್ಳಿದರು.

ಬೆಳಿಗ್ಗೆಯಿಂದ ಜಗತ್ತಿನ ಟಿವಿಗಳೆಲ್ಲ ಒಂದೇ ಮಾತು ಹೇಳ್ತಿವೆ: ಸಾವಿರ ವರ್ಷದ ರಾಜವಂಶ, ಯುರೋಪಿನ ಅತ್ಯಂತ ಹಳೆಯ ರಾಜಮನೆತನ. ನಾನು ಈ ಮಾತನ್ನ ಸ್ವಲ್ಪ ಬಿಚ್ಚಿ ನೋಡೋಣ ಅಂತೀನಿ. ಸಾವಿರ ವರ್ಷದಿಂದ ರಾಜರಿದ್ದಾರೆ, ನಿಜ. ಆದರೆ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅಂತ ನೂಲು ಎಳೆದ ಹಾಗೆ ಬಂದಿದೆಯಾ? ಖಂಡಿತ ಇಲ್ಲ. ಈ ನೂಲು ಮತ್ತೆ ಮತ್ತೆ ಕಡಿದಿದೆ. ಪ್ರತಿ ಸಲ ಯಾರೋ ಗಂಟು ಹಾಕಿದ್ದಾರೆ. ನನಗೆ ಆಸಕ್ತಿ ಇರೋದು ನೂಲಿನಲ್ಲಲ್ಲ, ಆ ಗಂಟುಗಳಲ್ಲಿ. ಯಾಕಂದ್ರೆ ಮೊನ್ನೆ ಮೊನ್ನೆ ಇದೇ ಅಜ್ಜಿ ತನ್ನ ನಾಲ್ಕು ಮೊಮ್ಮಕ್ಕಳ ಕೈಯಿಂದ ರಾಜಕುಮಾರ ಅನ್ನೋ ಪದವಿಯನ್ನೇ ಕಿತ್ತುಕೊಂಡರು. ಅದು ಅರ್ಥ ಆಗಬೇಕಾದರೆ ಹಿಂದಿನದು ಗೊತ್ತಿರಬೇಕು.

ಮೊದಲಿಂದ ಶುರು ಮಾಡೋಣ. ಮೊದಲು ಅಂದ್ರೆ ನಿಮ್ಮ ಜೇಬಿನಿಂದ. ಮೊಬೈಲ್ ತೆಗೀರಿ, ಮೇಲಿನಿಂದ ಕೆಳಗೆ ಎಳೀರಿ. ಬ್ಲೂಟೂತ್ ಗುರುತು ಕಾಣ್ತಿದೆಯಾ? ನಾನು ಎಂಜಿನಿಯರಿಂಗ್ ಓದೋವಾಗ ಇದರ ತರಂಗಾಂತರ ಎಷ್ಟು, ಇದು ಎಷ್ಟು ದೂರ ಹೋಗುತ್ತೆ ಅಂತೆಲ್ಲ ಬಾಯಿಪಾಠ ಮಾಡಿದ್ದೆ. ಹೆಸರು ಯಾಕೆ ಬಂತು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಹತ್ತನೇ ಶತಮಾನದಲ್ಲಿ ಡೆನ್ಮಾರ್ಕ್ ಆಳಿದ ಹರಾಲ್ಡ್ ಅನ್ನೋ ರಾಜನಿಗೆ ನೀಲಿ ಹಲ್ಲಿನವನು ಅಂತ ಅಡ್ಡಹೆಸರು. ಚದುರಿದ್ದ ಪ್ರಾಂತ್ಯಗಳನ್ನು ಒಂದುಗೂಡಿಸಿದವನು ಅವನು. 1990ರ ದಶಕದಲ್ಲಿ ಬೇರೆ ಬೇರೆ ಕಂಪನಿಗಳ ಉಪಕರಣಗಳನ್ನ ವೈರ್ ಇಲ್ಲದೆ ಒಂದುಗೂಡಿಸೋ ತಂತ್ರಜ್ಞಾನಕ್ಕೆ ಹೆಸರು ಹುಡುಕುತ್ತಿದ್ದ ಎಂಜಿನಿಯರ್‌ಗಳು ಅವನ ಹೆಸರಿಟ್ಟರು. ಆ ಗುರುತು ಇದೆಯಲ್ಲ, ಅದು ಹರಾಲ್ಡ್‌ನ ಹೆಸರಿನ ಎರಡು ಅಕ್ಷರಗಳನ್ನ ಪ್ರಾಚೀನ ರೂನ್ ಲಿಪಿಯಲ್ಲಿ ಒಂದರ ಮೇಲೊಂದು ಕೂರಿಸಿದ್ದು. ಅವನ ಅಪ್ಪ ಗೋರ್ಮ್, ಅಮ್ಮ ಥೈರಾ. ಯೆಲ್ಲಿಂಗ್ ಅನ್ನೋ ಊರಲ್ಲಿ ಅಪ್ಪ-ಅಮ್ಮನ ನೆನಪಿಗೆ ಹರಾಲ್ಡ್ ನಿಲ್ಲಿಸಿದ ಕಲ್ಲು ಇವತ್ತಿಗೂ ಇದೆ. ಅದರಲ್ಲಿ ಅಪ್ಪ-ಅಮ್ಮನ ಹೆಸರಾದ ಮೇಲೆ ತನ್ನ ಸಾಧನೆಯನ್ನೂ ಕೊರೆಸಿದ್ದಾನೆ: ಡೆನ್ಮಾರ್ಕ್ ಗೆದ್ದವನು ನಾನು, ನಾರ್ವೆ ಗೆದ್ದವನು ನಾನು, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ನಾನು ಅಂತ. ಫ್ಲೆಕ್ಸ್ ಹಾಕಿಸಿಕೊಳ್ಳೋ ಚಾಳಿ ಹೊಸದಲ್ಲ ಸ್ವಾಮಿ.

ಈ ಹರಾಲ್ಡ್‌ನ ವಿರುದ್ಧ ಮಗ ಸ್ವೇನ್ ದಂಗೆ ಎದ್ದ. ಸ್ವೇನ್‌ನ ಮಗ ಕ್ನೂಟ್ ಇಂಗ್ಲೆಂಡ್, ಡೆನ್ಮಾರ್ಕ್, ನಾರ್ವೆ ಮೂರನ್ನೂ ಆಳಿದ. ಅಷ್ಟು ದೊಡ್ಡ ರಾಜನ ಗಂಡುಸಂತತಿ ಮಕ್ಕಳ ಕಾಲಕ್ಕೇ ಮುಗಿದುಹೋಯ್ತು. ಮೊದಲ ಗಂಟು ಇಲ್ಲಿ ಬೀಳುತ್ತೆ. 1047ರಲ್ಲಿ ಪಟ್ಟಕ್ಕೆ ಬಂದವನು ಕ್ನೂಟ್‌ನ ತಂಗಿ ಎಸ್ಟ್ರಿಡ್‌ಳ ಮಗ. ಜನ ಅವನನ್ನು ಅಪ್ಪನ ಹೆಸರಿಂದ ಕರೆಯಲಿಲ್ಲ. ಸ್ವೇನ್ ಎಸ್ಟ್ರಿಡ್ಸೆನ್, ಎಸ್ಟ್ರಿಡ್‌ಳ ಮಗ ಸ್ವೇನ್ ಅಂತಲೇ ಕರೆದರು. ಮುಂದಿನ ಮುನ್ನೂರು ವರ್ಷದ ರಾಜವಂಶಕ್ಕೆ ಒಬ್ಬ ಹೆಣ್ಣುಮಗಳ ಹೆಸರು! ವಂಶ ಬೆಳಗೋಕೆ ಗಂಡೇ ಬೇಕು ಅನ್ನೋ ಮನೆಗಳು ಇದನ್ನ ಎರಡು ಸಲ ಓದಬೇಕು.

ಆ ವಂಶದ ಕೊನೆಯಲ್ಲೂ ಹೆಣ್ಣೇ. ಒಂದನೇ ಮಾರ್ಗ್ರೇಟ. ಗಂಡ ನಾರ್ವೆಯ ರಾಜ, ಅಪ್ಪ ಡೆನ್ಮಾರ್ಕ್‌ನ ರಾಜ. ಇಬ್ಬರೂ ಸತ್ತರು. ಇದ್ದ ಒಬ್ಬ ಮಗ ಓಲುಫ್ 1387ರಲ್ಲಿ ಹದಿಹರೆಯದಲ್ಲೇ ತೀರಿಕೊಂಡ. ಹೆಣ್ಣು ಸಿಂಹಾಸನ ಏರೋ ಕಾನೂನೇ ಇಲ್ಲದ ಕಾಲ. ಆಕೆ ಅಳುತ್ತಾ ಕೂರಲಿಲ್ಲ. ರಾಜ್ಯದ ಒಡತಿ ಅಂತ ಒಪ್ಪಿಸಿಕೊಂಡಳು. ಅಕ್ಕನ ಮೊಮ್ಮಗನನ್ನು ತಂದು, ಅವನ ಹೆಸರನ್ನೂ ಎರಿಕ್ ಅಂತ ಬದಲಾಯಿಸಿ, ಪಟ್ಟಕ್ಕೆ ಕೂರಿಸಿ, ತಾನೇ ಆಳಿದಳು. 1397ರಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ ಕಾಲ್ಮರ್ ಒಕ್ಕೂಟದಲ್ಲಿ ಸೇರಿಸಿದಳು. ಇವತ್ತು ಎದ್ದು ಹೋದ ರಾಣಿಗೆ ಎರಡನೇ ಮಾರ್ಗ್ರೇಟ ಅನ್ನೋ ಹೆಸರಿರೋದು ಈಕೆಯನ್ನು ಒಂದನೆಯವಳು ಅಂತ ಎಣಿಸಿದ್ದರಿಂದ.

ಈಗ 1448. ಎರಡನೇ ಗಂಟು. ಕ್ರಿಸ್ಟೋಫರ್ ಅನ್ನೋ ರಾಜ ಮಕ್ಕಳಿಲ್ಲದೆ ಸತ್ತ. ರಾಜ್ಯದ ಸಭೆಯವರು ಮೊದಲು ಹೋಗಿ ಬಾಗಿಲು ತಟ್ಟಿದ್ದು ಶ್ಲೆಸ್ವಿಗ್-ಹೋಲ್‌ಸ್ಟೈನ್‌ನ ಒಡೆಯ ಅಡಾಲ್ಫ್‌ನದ್ದು. ಬಾ, ನಮ್ಮ ರಾಜನಾಗು ಅಂದರು. ಆತ ಏನಂದ? ನನಗೆ ಬೇಡ, ನನ್ನ ಸೋದರಳಿಯ ಇದ್ದಾನೆ, ಬೇಕಾದರೆ ಅವನನ್ನು ಮಾಡಿಕೊಳ್ಳಿ. ನಮ್ಮಲ್ಲಿ ಗ್ರಾಮ ಪಂಚಾಯಿತಿ ಟಿಕೆಟ್ ಬೇಡ ಅನ್ನೋರು ಸಿಗಲ್ಲ, ಆತ ರಾಜ್ಯವನ್ನೇ ಬೇಡ ಅಂದ. ಆ ಸೋದರಳಿಯನೇ ಓಲ್ಡೆನ್‌ಬರ್ಗ್‌ನ ಕ್ರಿಶ್ಚಿಯನ್. ಜರ್ಮನ್ ಮನೆತನದ ಹುಡುಗ, ಹಳೆಯ ಡ್ಯಾನಿಶ್ ರಾಜರ ಜೊತೆ ಸಂಬಂಧ ಅಂದ್ರೆ ದೂರದ್ದು, ಅದೂ ಹೆಣ್ಣಿನ ಕಡೆಯಿಂದ. ಷರತ್ತುಗಳ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅವನನ್ನು ಆರಿಸಿದರು. ಹೌದು, ಆರಿಸಿದರು. ಆಗ ಡೆನ್ಮಾರ್ಕ್‌ನಲ್ಲಿ ರಾಜನ ಆಯ್ಕೆ ನಡೆಯುತ್ತಿತ್ತು. ಮರುವರ್ಷ ಅವನು ಹಿಂದಿನ ರಾಜನ ವಿಧವೆ ಡೊರೊಥಿಯಾಳನ್ನೇ ಮದುವೆಯಾದ. ಇವತ್ತಿನ ಫ್ರೆಡೆರಿಕ್ ಅವನ ಸಂತತಿ.

ಇಲ್ಲಿಂದ ಹೆಸರುಗಳ ಒಂದು ತಮಾಷೆ ಶುರುವಾಗುತ್ತೆ. 1513ರಿಂದ ರಾಜರ ಹೆಸರು ಕ್ರಿಶ್ಚಿಯನ್, ಆಮೇಲೆ ಫ್ರೆಡೆರಿಕ್, ಮತ್ತೆ ಕ್ರಿಶ್ಚಿಯನ್, ಮತ್ತೆ ಫ್ರೆಡೆರಿಕ್. ನಡುವೆ ಬೇರೆ ಹೆಸರು ಬಂದದ್ದು ಮಾರ್ಗ್ರೇಟ ಒಬ್ಬರದೇ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರು ಇಡ್ತೀವಲ್ಲ, ಹಾಗೆಯೇ ಅಂದುಕೊಳ್ಳಿ. ಆದರೆ ಹೆಸರು ಕ್ರಮವಾಗಿ ಬಂತು ಅಂದ ಮಾತ್ರಕ್ಕೆ ಬದುಕು ಕ್ರಮವಾಗಿರಲಿಲ್ಲ. ಎರಡನೇ ಕ್ರಿಶ್ಚಿಯನ್ 1520ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ವೀಡನ್ನಿನ ಗಣ್ಯರ ಮಾರಣಹೋಮ ಮಾಡಿಸಿದ. ಸ್ವೀಡನ್ ಕೈಬಿಟ್ಟುಹೋಯ್ತು, 1523ರಲ್ಲಿ ಅವನ ಪಟ್ಟವೂ ಹೋಯ್ತು, ಚಿಕ್ಕಪ್ಪ ರಾಜನಾದ. ಕ್ರಿಶ್ಚಿಯನ್ 1532ರಿಂದ ಸಾಯುವ ತನಕ, ಅಂದ್ರೆ 1559ರ ತನಕ, ಕೋಟೆಯೊಳಗೆ ಬಂದಿ. 27 ವರ್ಷ!

ನಾಲ್ಕನೇ ಕ್ರಿಶ್ಚಿಯನ್ ಕಾಲದಲ್ಲಿ ಈ ಮನೆತನ ನಮ್ಮ ದೇಶಕ್ಕೂ ಬಂತು. 1620ರಲ್ಲಿ ಅವನ ಹಡಗುಗಳು ಕೋರಮಂಡಲ ತೀರಕ್ಕೆ ಬಂದವು. ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದ ಮಾಡಿಕೊಂಡು ತರಂಗಂಬಾಡಿಯಲ್ಲಿ ನೆಲೆಯೂರಿದರು. ಅವರು ಕಟ್ಟಿದ ಡ್ಯಾನ್ಸ್‌ಬೋರ್ಗ್ ಕೋಟೆ ಸಮುದ್ರದ ದಂಡೆಯಲ್ಲಿ ಇನ್ನೂ ನಿಂತಿದೆ. ಮುಂದೆ ಬಂಗಾಳದ ಶ್ರೀರಾಂಪುರವನ್ನೂ ಪಡೆದರು, ಅದಕ್ಕೆ ತಮ್ಮ ರಾಜನ ಹೆಸರಲ್ಲಿ ಫ್ರೆಡೆರಿಕ್ಸ್‌ನಗರ ಅಂತ ಹೆಸರಿಟ್ಟರು. 1845ರಲ್ಲಿ ಎರಡನ್ನೂ ಇಂಗ್ಲಿಷರಿಗೆ ಮಾರಿ ಎದ್ದುಹೋದರು. ಶ್ರೀರಾಂಪುರದ ಹೆಸರು ನೆನಪಿಟ್ಟುಕೊಳ್ಳಿ, ಕನ್ನಡದ ಕಥೆ ಒಂದು ಅಲ್ಲಿದೆ. ಆದರೆ ಅದಕ್ಕೆ ಮುಂಚೆ ಒಂದು ಹಗರಣ ಹೇಳಲೇಬೇಕು.

1660ರ ತನಕ ರಾಜನನ್ನು ಆರಿಸುತ್ತಿದ್ದರು. ಆ ವರ್ಷ ಮೂರನೇ ಫ್ರೆಡೆರಿಕ್ ಅದನ್ನು ವಂಶಪಾರಂಪರ್ಯ ಮಾಡಿಕೊಂಡ. 1665ರಲ್ಲಿ ರಾಜ ಕಾನೂನು ಅಂತ ಒಂದು ಬರೆಸಿದ. ಭೂಮಿಯ ಮೇಲೆ ರಾಜನಿಗಿಂತ ದೊಡ್ಡವರಿಲ್ಲ, ರಾಜ ಉತ್ತರ ಕೊಡಬೇಕಾದ್ದು ದೇವರಿಗೆ ಮಾತ್ರ ಅನ್ನೋದು ಅದರ ಸಾರ. ಇಷ್ಟೆಲ್ಲ ಅಧಿಕಾರ ಒಬ್ಬನ ಕೈಯಲ್ಲಿ ಇಟ್ಟ ಮೇಲೆ, ಆ ಒಬ್ಬನ ಬುದ್ಧಿಯೇ ಸ್ಥಿಮಿತದಲ್ಲಿಲ್ಲದಿದ್ದರೆ? ನೂರು ವರ್ಷದಲ್ಲಿ ಅದೇ ಆಯ್ತು. ಏಳನೇ ಕ್ರಿಶ್ಚಿಯನ್‌ಗೆ ಮಾನಸಿಕ ಕಾಯಿಲೆ. ಹೆಂಡತಿ ಕ್ಯಾರೊಲಿನ್ ಮಟಿಲ್ಡಾ, ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್‌ನ ತಂಗಿ, ಹದಿನೈದನೇ ವಯಸ್ಸಿಗೆ ಮದುವೆಯಾಗಿ ಬಂದವಳು. ರಾಜನನ್ನು ನೋಡಿಕೊಳ್ಳಲು ಬಂದ ಜರ್ಮನ್ ಡಾಕ್ಟರ್ ಸ್ಟ್ರುಯೆನ್ಸೆ. ಡಾಕ್ಟರ್ ಮೊದಲು ರಾಜನ ನಂಬಿಕೆ ಗಳಿಸಿದ, ಆಮೇಲೆ ರಾಣಿಯ ಪ್ರೀತಿ, ಆಮೇಲೆ ಸರ್ಕಾರವನ್ನೇ. ರಾಜನ ಹೆಸರಲ್ಲಿ ಸಾವಿರಕ್ಕೂ ಹೆಚ್ಚು ಆದೇಶ ಹೊರಡಿಸಿದ. ಪತ್ರಿಕೆಗಳ ಸೆನ್ಸಾರ್ ತೆಗೆದ, ವಿಚಾರಣೆಯಲ್ಲಿ ಚಿತ್ರಹಿಂಸೆ ಕೊಡೋದನ್ನ ನಿಲ್ಲಿಸಿದ. ಒಳ್ಳೆ ಕೆಲಸಗಳೇ. ಆದರೆ ಸೆನ್ಸಾರ್ ಇಲ್ಲದ ಪತ್ರಿಕೆಗಳು ಮೊದಲು ಬರೆದದ್ದು ಅವನ ಮತ್ತು ರಾಣಿಯ ಬಗ್ಗೆಯೇ! 1772ರ ಜನವರಿಯಲ್ಲಿ ಬಂಧನ, ಏಪ್ರಿಲ್‌ನಲ್ಲಿ ಶಿರಚ್ಛೇದ. ರಾಣಿಗೆ ವಿಚ್ಛೇದನ, ಗಡೀಪಾರು. 1775ರಲ್ಲಿ 23ನೇ ವಯಸ್ಸಿಗೆ ಜರ್ಮನಿಯ ಸೆಲ್ಲೆಯಲ್ಲಿ ಸತ್ತಳು. ತನ್ನ ಮಕ್ಕಳನ್ನು ಮತ್ತೆ ನೋಡಲೇ ಇಲ್ಲ.

ಅವಳ ಮಗಳು ಲೂಯಿಸ್ ಆಗಸ್ಟಾ ಹುಟ್ಟಿದ್ದು 1771ರಲ್ಲಿ. ಮಗು ಡಾಕ್ಟರದ್ದು ಅಂತ ಆಗಲೇ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು, ಇತಿಹಾಸಕಾರರಲ್ಲಿ ಹೆಚ್ಚಿನವರ ಅಭಿಪ್ರಾಯವೂ ಅದೇ. ಆದರೆ ದಾಖಲೆಯಲ್ಲಿ ಅವಳು ರಾಜನ ಮಗಳು. ಅವಳ ಸಂತತಿಯಲ್ಲಿ ಜರ್ಮನಿಯ ಕೊನೆಯ ಮಹಾರಾಣಿ ಬರ್ತಾಳೆ. ಹಾಗೇ ಕೆಳಗೆ ಇಳಿದು ಬಂದರೆ ಇವತ್ತಿನ ಸ್ಪೇನ್ ರಾಜ ಆರನೇ ಫಿಲಿಪ್ ಬರ್ತಾರೆ. ಆ ಗುಸುಗುಸು ನಿಜವಾಗಿದ್ದರೆ, ತಲೆ ಕಡಿಸಿಕೊಂಡ ಡಾಕ್ಟರನ ರಕ್ತ ಇವತ್ತು ಸ್ಪೇನ್ ಸಿಂಹಾಸನದ ಮೇಲಿದೆ. ರಾಜರಕ್ತ ಶುದ್ಧರಕ್ತ ಅಂತೆಲ್ಲ ಮೀಸೆ ತಿರುವೋರು ವಂಶವೃಕ್ಷವನ್ನ ತುಂಬ ಹತ್ತಿರದಿಂದ ನೋಡಬಾರದು.

ಆ ರಾಣಿಯ ಮಗ, ನಾಲ್ಕು ವರ್ಷದವನಿದ್ದಾಗ ಅಮ್ಮನನ್ನು ಕಳೆದುಕೊಂಡ ಹುಡುಗ, ಹದಿನಾರಕ್ಕೆ ಒಂದು ಕ್ಷಿಪ್ರಕ್ರಾಂತಿ ಮಾಡಿ ಅಪ್ಪನ ಹೆಸರಲ್ಲಿ ಅಧಿಕಾರ ಹಿಡಿದ. ಮುಂದೆ ಅವನೇ ಆರನೇ ಫ್ರೆಡೆರಿಕ್. ಇಲ್ಲಿದೆ ನಮ್ಮ ಶ್ರೀರಾಂಪುರ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೆ ತನ್ನ ನೆಲದಲ್ಲಿ ಪಾದ್ರಿಗಳು ಕಾಲಿಡೋದು ಇಷ್ಟವಿರಲಿಲ್ಲ. ಹಾಗಾಗಿ ವಿಲಿಯಂ ಕೇರಿ ಮತ್ತು ಸಂಗಡಿಗರು 1800ರಲ್ಲಿ ಡೇನರ ಶ್ರೀರಾಂಪುರದಲ್ಲಿ ಆಶ್ರಯ ಪಡೆದು ಅಚ್ಚುಕೂಟ ಹಾಕಿದರು. ಅಲ್ಲಿ 1817ರಲ್ಲಿ ಒಂದು ಪುಸ್ತಕ ಅಚ್ಚಾಯಿತು. ಕೇರಿ ಬರೆದ ಕರ್ಣಾಟ ಭಾಷೆಯ ವ್ಯಾಕರಣ. ನಮ್ಮ ಕನ್ನಡದ್ದು ಸ್ವಾಮಿ! ಕನ್ನಡ ಅಕ್ಷರಗಳು ಅಚ್ಚಿನಮನೆ ಕಂಡ ಮೊದಮೊದಲ ದಿನಗಳ ಪುಸ್ತಕ ಅದು, ಅಚ್ಚಾದದ್ದು ಡೆನ್ಮಾರ್ಕ್ ರಾಜನ ಬಾವುಟದ ಕೆಳಗೆ. ಅಲ್ಲಿನ ಕಾಲೇಜಿಗೆ 1827ರಲ್ಲಿ ಪದವಿ ಕೊಡೋ ಅಧಿಕಾರಪತ್ರ ಕೊಟ್ಟವನೂ ಇದೇ ಆರನೇ ಫ್ರೆಡೆರಿಕ್.

ಈಗ ಮೂರನೇ ಗಂಟಿಗೆ ಬರೋಣ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಇದೇ ರೋಚಕ.

ಏಳನೇ ಫ್ರೆಡೆರಿಕ್. 1849ರ ಜೂನ್ 5ರಂದು ಸಂವಿಧಾನಕ್ಕೆ ಸಹಿ ಹಾಕಿ ದೇವರಿಗೆ ಮಾತ್ರ ಉತ್ತರ ಕೊಡೋ ಅಧಿಕಾರವನ್ನ ಬಿಟ್ಟುಕೊಟ್ಟವನು. ಜನ ಇಷ್ಟಪಟ್ಟರು. ಮೂರು ಮದುವೆ. ಎರಡು ರಾಜಕುಮಾರಿಯರ ಜೊತೆ, ಎರಡೂ ವಿಚ್ಛೇದನದಲ್ಲಿ ಮುಗಿದವು. ಮೂರನೆಯದು ಬ್ಯಾಲೆ ನರ್ತಕಿಯಾಗಿದ್ದ ಲೂಯಿಸ್ ರಾಸ್ಮುಸೆನ್ ಜೊತೆ. ಪಟ್ಟಕ್ಕೆ ಮಕ್ಕಳು ಮಾತ್ರ ಇಲ್ಲ. ರಾಜ ಬದುಕಿರುವಾಗಲೇ ಯುರೋಪಿನ ದೊಡ್ಡ ಶಕ್ತಿಗಳು 1852ರಲ್ಲಿ ಲಂಡನ್‌ನಲ್ಲಿ ಕೂತು ಮುಂದಿನ ರಾಜ ಯಾರು ಅಂತ ತೀರ್ಮಾನ ಮಾಡಿದವು. ಯೋಚನೆ ಮಾಡಿ, ನಿಮ್ಮ ಮನೆಗೆ ವಾರಸುದಾರ ಯಾರು ಅಂತ ಅಕ್ಕಪಕ್ಕದ ಮನೆಯವರು ಕೂತು ತೀರ್ಮಾನ ಮಾಡಿದ ಹಾಗೆ.

ಅವರು ಆರಿಸಿದ್ದು ಗ್ಲೂಕ್ಸ್‌ಬರ್ಗ್‌ನ ಕ್ರಿಶ್ಚಿಯನ್‌ನನ್ನ. ಒಬ್ಬ ಸಣ್ಣ ಡ್ಯೂಕ್‌ನ ನಾಲ್ಕನೇ ಮಗ, ಸೇನೆಯಲ್ಲಿ ಅಧಿಕಾರಿ. ಅವನಿಗಿಂತ ಪಟ್ಟಕ್ಕೆ ಹತ್ತಿರದವಳು ಹೆಂಡತಿ ಲೂಯಿಸ್, ಹಿಂದಿನ ರಾಜನ ಸೋದರ ಸೊಸೆ. ಅವಳ ತಾಯಿ, ಒಡಹುಟ್ಟಿದವರು ಹಕ್ಕು ಬಿಟ್ಟುಕೊಟ್ಟರು, ಅವಳು ಗಂಡನಿಗೆ ಕೊಟ್ಟಳು. ಇಲ್ಲೂ ಗಂಟು ಹಾಕಿದ ದಾರ ಹೆಣ್ಣಿನದೇ. ಮನೆಯಲ್ಲಿ ಹೇಳಿಕೊಳ್ಳುವಂಥ ದುಡ್ಡಿರಲಿಲ್ಲ. ಕೋಪನ್‌ಹೇಗನ್‌ನ ಹಳದಿ ಅರಮನೆ ಅನ್ನೋ ಮನೆಯಲ್ಲಿ ಆರು ಮಕ್ಕಳ ಸಂಸಾರ. ಹೆಣ್ಣುಮಕ್ಕಳು ಒಂದೇ ಕೋಣೆ ಹಂಚಿಕೊಂಡು, ತಮ್ಮ ಬಟ್ಟೆ ತಾವೇ ಹೊಲಿದುಕೊಂಡು ಬೆಳೆದರು.

ಆಮೇಲೆ 1863 ಬಂತು. ಮಾರ್ಚ್‌ನಲ್ಲಿ ಹಿರಿಯ ಮಗಳು ಅಲೆಕ್ಸಾಂಡ್ರಾ ಬ್ರಿಟನ್ ಯುವರಾಜನ ಹೆಂಡತಿಯಾದಳು. ಅದೇ ತಿಂಗಳ ಕೊನೆಗೆ ಗ್ರೀಸ್ ದೇಶದವರು 17 ವರ್ಷದ ಎರಡನೇ ಮಗನನ್ನು ತಮ್ಮ ರಾಜ ಅಂತ ಆರಿಸಿಕೊಂಡರು. ನವೆಂಬರ್‌ನಲ್ಲಿ ಅಪ್ಪ ಡೆನ್ಮಾರ್ಕ್‌ನ ರಾಜನಾದ. ಅಪ್ಪನಿಗಿಂತ ಮೊದಲೇ ಮಗನಿಗೆ ಪಟ್ಟ! ಒಂದೇ ವರ್ಷದಲ್ಲಿ, ಒಂದೇ ಮನೆಯಲ್ಲಿ. ಆದರೆ ಸಂಭ್ರಮ ಪಡೋಕೆ ಸಮಯ ಸಿಗಲಿಲ್ಲ. 1864ರಲ್ಲಿ ಪ್ರಶ್ಯ ಮತ್ತು ಆಸ್ಟ್ರಿಯಾ ಯುದ್ಧ ಹೂಡಿ ಶ್ಲೆಸ್ವಿಗ್, ಹೋಲ್‌ಸ್ಟೈನ್ ಎರಡನ್ನೂ ಕಸಿದುಕೊಂಡವು. ದೇಶ ಕುಗ್ಗಿತು. ರಾಜನ ಸಂಬಂಧಗಳು ಹಿಗ್ಗಿದವು. ಇನ್ನೊಬ್ಬ ಮಗಳು ಡಾಗ್ಮಾರ್‌ಗೆ ರಷ್ಯಾದ ಯುವರಾಜನ ಜೊತೆ ನಿಶ್ಚಿತಾರ್ಥ ಆಗಿತ್ತು. ಮದುವೆಗೆ ಮುಂಚೆ ಅವನು ಕಾಯಿಲೆಯಲ್ಲಿ ಸತ್ತ. ಮರುವರ್ಷ ಅವನ ತಮ್ಮನನ್ನು ಮದುವೆಯಾದಳು, ಮುಂದೆ ರಷ್ಯಾದ ಮಹಾರಾಣಿಯಾದಳು. ಒಂಬತ್ತನೇ ಕ್ರಿಶ್ಚಿಯನ್‌ಗೆ ಬಿದ್ದ ಹೆಸರು ಯುರೋಪಿನ ಮಾವ. ಬೇಸಿಗೆಯಲ್ಲಿ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳೆಲ್ಲ ಫ್ರೆಡೆನ್ಸ್‌ಬೋರ್ಗ್ ಅರಮನೆಯಲ್ಲಿ ಸೇರುತ್ತಿದ್ದರು. ರಷ್ಯಾದ ಚಕ್ರವರ್ತಿ ಅಲ್ಲಿ ಬರೀ ಅಳಿಯ.

ಈ ಅಜ್ಜನ ಮೊಮ್ಮಕ್ಕಳ ಪಟ್ಟಿ ನೋಡಿ. ಬ್ರಿಟನ್ನಿನ ಐದನೇ ಜಾರ್ಜ್. ರಷ್ಯಾದ ಕೊನೆಯ ತ್ಸಾರ್ ಎರಡನೇ ನಿಕೊಲಾಸ್. ಡೆನ್ಮಾರ್ಕ್‌ನ ಹತ್ತನೇ ಕ್ರಿಶ್ಚಿಯನ್. ಅವನ ತಮ್ಮ ಕಾರ್ಲ್, 1905ರಲ್ಲಿ ನಾರ್ವೆ ಸ್ವೀಡನ್‌ನಿಂದ ಬೇರೆಯಾದಾಗ ಬಾ ನಮ್ಮ ರಾಜನಾಗು ಅಂತ ಕರೆದರೆ, ಮೊದಲು ಜನರನ್ನ ಕೇಳಿ, ವೋಟು ಹಾಕಿಸಿ, ಆಮೇಲೆ ಬರ್ತೀನಿ ಅಂದವನು. ವೋಟು ಗೆದ್ದು, ಹೆಸರು ಬದಲಿಸಿಕೊಂಡು ಹಾಕೊನ್ ಆದ. ಇವತ್ತು ಬ್ರಿಟನ್, ನಾರ್ವೆ, ಸ್ಪೇನ್, ಬೆಲ್ಜಿಯಂ, ಲಕ್ಸೆಂಬರ್ಗ್, ಡೆನ್ಮಾರ್ಕ್ ಆರೂ ಕಡೆಯ ರಾಜರು ಹಳದಿ ಮನೆಯ ಆ ದಂಪತಿಯ ಸಂತಾನ. ಬ್ರಿಟನ್ನಿನ ಚಾರ್ಲ್ಸ್‌ಗೆ ಅಪ್ಪ ಫಿಲಿಪ್ ಕಡೆಯಿಂದಲೂ, ಅಮ್ಮ ಎಲಿಜಬೆತ್ ಕಡೆಯಿಂದಲೂ ಈ ಕ್ರಿಶ್ಚಿಯನ್ ತಾತನೇ.

ಸಂಬಂಧ ದೊಡ್ಡದಿದ್ದರೆ ರಕ್ಷಣೆ ಅಂತ ಅಂದ್ಕೋತೀವಿ. ಡಾಗ್ಮಾರ್ ಕಥೆ ಕೇಳಿ. 1918ರಲ್ಲಿ ಕ್ರಾಂತಿಕಾರಿಗಳು ಅವಳ ಮಗ, ಸೊಸೆ, ಐದು ಮೊಮ್ಮಕ್ಕಳನ್ನು ಕೊಂದರು. ಇನ್ನೊಬ್ಬ ಮಗನನ್ನೂ ಬಿಡಲಿಲ್ಲ. 1919ರಲ್ಲಿ ಅಕ್ಕನ ಮಗ ಐದನೇ ಜಾರ್ಜ್ ಕಳಿಸಿದ ಯುದ್ಧನೌಕೆ ಹತ್ತಿ ಕ್ರಿಮಿಯಾದಿಂದ ಪಾರಾಗಿ, ಕೊನೆಗೆ ತವರಿಗೆ ಬಂದಳು. ಅಣ್ಣನ ಮಗ ಹತ್ತನೇ ಕ್ರಿಶ್ಚಿಯನ್ ಆಗ ರಾಜ. ಅವನು ಖರ್ಚಿನ ಲೆಕ್ಕದವನು. ಅತ್ತೆಯ ಕೋಣೆಗಳಲ್ಲಿ ಕರೆಂಟ್ ಬಿಲ್ ಜಾಸ್ತಿ ಆಯ್ತು, ದೀಪ ಆರಿಸಿ ಅಂತ ಆಳು ಕಳಿಸಿದನಂತೆ. ಆಕೆ ಸೇವಕರನ್ನು ಕರೆದು ಇದ್ದಬದ್ದ ದೀಪವನ್ನೆಲ್ಲ ಹಚ್ಚಿಸಿದಳು ಅಂತ ಕಥೆ. ಮಗ ಸತ್ತಿದ್ದಾನೆ ಅಂತ ಕೊನೆಯವರೆಗೂ ಆಕೆ ಒಪ್ಪಲಿಲ್ಲ. 1928ರಲ್ಲಿ ತೀರಿಕೊಂಡಳು. 2006ರಲ್ಲಿ ಆಕೆಯ ಅವಶೇಷಗಳನ್ನು ಡೆನ್ಮಾರ್ಕ್‌ನಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಒಯ್ದು ಗಂಡನ ಪಕ್ಕ ಹೂಳಿದರು.

ಇದೇ ಹತ್ತನೇ ಕ್ರಿಶ್ಚಿಯನ್ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಕಥೆ ಓಡಾಡುತ್ತೆ. ಹಿಟ್ಲರ್ ಸೇನೆ ಯಹೂದಿಗಳು ಹಳದಿ ನಕ್ಷತ್ರ ಧರಿಸಬೇಕು ಅಂದಾಗ ರಾಜನೇ ಅದನ್ನು ಧರಿಸಿ ಕುದುರೆ ಮೇಲೆ ಹೊರಟ ಅಂತ. ಸುಳ್ಳು. ಡೆನ್ಮಾರ್ಕ್‌ನಲ್ಲಿ ಯಹೂದಿಗಳಿಗೆ ನಕ್ಷತ್ರ ಧರಿಸುವ ಆದೇಶವೇ ಜಾರಿಯಾಗಲಿಲ್ಲ. ರಾಜ ಅಂಗರಕ್ಷಕರಿಲ್ಲದೆ ಕುದುರೆ ಮೇಲೆ ಬೀದಿಯಲ್ಲಿ ಹೋಗುತ್ತಿದ್ದದ್ದು ನಿಜ. 1943ರ ಅಕ್ಟೋಬರ್‌ನಲ್ಲಿ 7000ಕ್ಕೂ ಹೆಚ್ಚು ಯಹೂದಿಗಳನ್ನು ಮೀನುಗಾರಿಕೆ ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದ್ದೂ ನಿಜ. ಅದನ್ನು ಮಾಡಿದವರು ಸಾಮಾನ್ಯ ಜನ. ಇಷ್ಟು ದೊಡ್ಡ ನಿಜ ಇರುವಾಗ ಸುಳ್ಳು ಯಾಕೆ ಬೇಕು? ಇನ್ನೊಂದು ನಿಜವನ್ನೂ ಹೇಳ್ಬೇಕು. ಇದೇ ರಾಜ 1920ರಲ್ಲಿ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿದ್ದ. ಕಾರ್ಮಿಕರು ಸಾರ್ವತ್ರಿಕ ಮುಷ್ಕರದ ಎಚ್ಚರಿಕೆ ಕೊಟ್ಟರು, ರಾಜ ಹಿಂದೆ ಸರಿದ. ಆ ಮೇಲೆ ಯಾವ ರಾಜನೂ ಆ ಸಾಹಸ ಮಾಡಿಲ್ಲ.

ಈಗ ಇವತ್ತಿನ ರಾಣಿ. 1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ಡೆನ್ಮಾರ್ಕ್‌ಗೆ ನುಗ್ಗಿತು. ಒಂದು ವಾರಕ್ಕೆ, ಏಪ್ರಿಲ್ 16ಕ್ಕೆ ಮಾರ್ಗ್ರೇಟ ಹುಟ್ಟಿದರು. ಆಮೇಲೆ ಇಬ್ಬರು ತಂಗಿಯರು. ಒಂಬತ್ತನೇ ಫ್ರೆಡೆರಿಕ್‌ಗೆ ಮೂರೂ ಹೆಣ್ಣು. ಆಗಿನ ಕಾನೂನಿನಲ್ಲಿ ಹೆಣ್ಣಿಗೆ ಪಟ್ಟವಿಲ್ಲ. ಮುಂದಿನ ರಾಜ ಚಿಕ್ಕಪ್ಪ ಕ್ನೂಡ್, ಅವನ ನಂತರ ಅವನ ಮಗ ಇಂಗೋಲ್ಫ್ ಅಂತ ಲೆಕ್ಕ. 1953ರಲ್ಲಿ ಸಂವಿಧಾನ ಬದಲಾಯಿಸಲು ಜನಮತ ನಡೆಸಿದರು. ಗೆಲ್ಲಬೇಕಾದರೆ ಹಾಕಿದ ವೋಟಿನಲ್ಲಿ ಬಹುಮತ ಬಂದರೆ ಸಾಲದು, ಇಡೀ ಮತದಾರರ ಶೇ 45 ಮಂದಿ ಹೌದು ಅನ್ನಬೇಕು. ಬಂದದ್ದು ಶೇ 45.76. ಕೂದಲೆಳೆ! ಆ ಕೂದಲೆಳೆಯಲ್ಲಿ 13 ವರ್ಷದ ಹುಡುಗಿ ಯುವರಾಣಿಯಾದಳು, ಹದಿಮೂರೇ ವರ್ಷದ ಇಂಗೋಲ್ಫ್ ಭವಿಷ್ಯದ ರಾಜನಾಗೋದು ತಪ್ಪಿತು. ಇದು ನಾಲ್ಕನೇ ಗಂಟು. ಇದನ್ನ ಹಾಕಿದವರು ಜನ. ಆದರೂ ಅದರಲ್ಲಿ ಗಂಡಿಗೇ ಮೊದಲ ಆದ್ಯತೆ ಉಳಿದಿತ್ತು. ಅದು ಹೋದದ್ದು 2009ರ ಇನ್ನೊಂದು ಜನಮತದಲ್ಲಿ. ಈಗ ಹಿರಿಯ ಮಗು ಗಂಡಾಗಲಿ ಹೆಣ್ಣಾಗಲಿ, ಪಟ್ಟ ಅದಕ್ಕೆ.

1972ರ ಜನವರಿ 14, ಅಪ್ಪ ತೀರಿಕೊಂಡ ದಿನ ಆಕೆ ರಾಣಿಯಾದರು. ಇವತ್ತಿನ ತಾರೀಖು ಸುಮ್ಮನೆ ಆರಿಸಿದ್ದಲ್ಲ. ಸೊಗಸಾದ ಹೆಂಗಸು. ಬಿಡದೆ ಸಿಗರೇಟು ಸೇದುತ್ತಿದ್ದವರು. ಚಿತ್ರ ಬಿಡಿಸ್ತಾರೆ, ಟೋಲ್ಕಿನ್‌ನ ಕಾದಂಬರಿಯ ಡ್ಯಾನಿಶ್ ಆವೃತ್ತಿಗೆ ಬೇರೆ ಹೆಸರಲ್ಲಿ ಚಿತ್ರ ಬರೆದವರು. ಆದರೆ ಮನೆಯೊಳಗೆ ಒಂದು ಮುಳ್ಳು ಇತ್ತು. ಗಂಡ ಹೆನ್ರಿಕ್, ಫ್ರೆಂಚ್ ರಾಜತಾಂತ್ರಿಕರಾಗಿದ್ದವರು. ರಾಜನ ಹೆಂಡತಿ ರಾಣಿ ಆಗ್ತಾಳೆ, ರಾಣಿಯ ಗಂಡ ಮಾತ್ರ ಯಾಕೆ ರಾಜ ಅಲ್ಲ ಅನ್ನೋದು ಅವರ ಜೀವಮಾನದ ಕೊರಗು. 2017ರಲ್ಲಿ ಬಹಿರಂಗವಾಗಿ ಹೇಳಿಬಿಟ್ಟರು: ಸತ್ತ ಮೇಲೆ ಹೆಂಡತಿಯ ಪಕ್ಕ ನನ್ನನ್ನು ಹೂಳಬೇಡಿ. 2018ರ ಫೆಬ್ರವರಿಯಲ್ಲಿ ಹೋದರು. ಅರ್ಧ ಬೂದಿ ಸಮುದ್ರಕ್ಕೆ, ಅರ್ಧ ಫ್ರೆಡೆನ್ಸ್‌ಬೋರ್ಗ್ ತೋಟಕ್ಕೆ.

ಇನ್ನು 2022ರ ಸೆಪ್ಟೆಂಬರ್. ಎರಡನೇ ಮಗ ಯೋವಾಕಿಮ್‌ಗೆ ನಾಲ್ಕು ಮಕ್ಕಳು. ನಿಕೊಲಾಯ್, ಫೆಲಿಕ್ಸ್, ಹೆನ್ರಿಕ್, ಅಥೆನಾ. ಅರಮನೆ ಪ್ರಕಟಣೆ ಹೊರಡಿಸಿತು: 2023ರ ಜನವರಿ 1ರಿಂದ ಇವರು ರಾಜಕುಮಾರರಲ್ಲ, ರಾಜಕುಮಾರಿಯಲ್ಲ, ಬರೀ ಮೊನ್‌ಪೆಜಾಟ್‌ನ ಕೌಂಟ್‌ಗಳು. ಕೊನೆಯ ಹುಡುಗಿಗೆ ಆಗ ಹತ್ತು ವರ್ಷ. ಯೋವಾಕಿಮ್ ಮಾಧ್ಯಮದ ಮುಂದೆ ನೋವು ತೋಡಿಕೊಂಡರು. ನನ್ನ ಮಕ್ಕಳ ಗುರುತನ್ನೇ ಕಿತ್ತುಕೊಂಡರು, ಐದು ದಿನ ಮುಂಚೆ ತಿಳಿಸಿದರು ಅಂದರು. ಮೇ ತಿಂಗಳಲ್ಲೇ ತಿಳಿಸಿದ್ದೆವು ಅಂತ ಅರಮನೆ ಹೇಳಿತು. ಅಜ್ಜಿ ಕೆಲವೇ ದಿನಕ್ಕೆ ಇನ್ನೊಂದು ಹೇಳಿಕೆ ಕೊಟ್ಟರು. ಮಗನ ಸಂಸಾರಕ್ಕೆ ಇಷ್ಟು ನೋವಾಗುತ್ತೆ ಅಂತ ಅಂದಾಜು ಮಾಡಿರಲಿಲ್ಲ, ಕ್ಷಮೆ ಇರಲಿ ಅಂದರು. ಆದರೆ ನಿರ್ಧಾರ ಬದಲಾಯಿಸಲಿಲ್ಲ.

ನನ್ನನ್ನು ಕೇಳಿದರೆ ನಿರ್ಧಾರ ಸರಿ, ರೀತಿ ಸರಿಯಲ್ಲ. ಜನರ ತೆರಿಗೆಯಲ್ಲಿ ನಡೆಯೋ ಮನೆತನದಲ್ಲಿ ಕೆಲಸವಿಲ್ಲದ ರಾಜಕುಮಾರರ ಸಂಖ್ಯೆ ಬೆಳೀತಾ ಹೋದರೆ ಒಂದು ದಿನ ಜನ ಲೆಕ್ಕ ಕೇಳ್ತಾರೆ. ಹಿರಿಯ ಮಗ ಫ್ರೆಡೆರಿಕ್‌ನ ನಾಲ್ಕು ಮಕ್ಕಳಲ್ಲೂ ಮುಂದೆ ಸರ್ಕಾರದ ಭತ್ಯೆ ಸಿಗೋದು ಹಿರಿಯ ಕ್ರಿಶ್ಚಿಯನ್‌ಗೆ ಮಾತ್ರ ಅಂತ 2016ರಲ್ಲೇ ಹೇಳಿಬಿಟ್ಟಿದ್ದರು. ಅದೆಲ್ಲ ಸರಿ. ಆದರೆ ಹತ್ತು ವರ್ಷದ ಮಗು ಶಾಲೆಗೆ ಹೋದಾಗ ಸ್ನೇಹಿತರು ಏನಂತಾರೆ ಅನ್ನೋದನ್ನ ಅಜ್ಜಿ ಪ್ರಕಟಣೆಗೆ ಮುಂಚೆ ಯೋಚಿಸಬೇಕಿತ್ತು. ಮುಂದೆ ಹುಟ್ಟೋ ಮಕ್ಕಳಿಗೆ ಪದವಿ ಇಲ್ಲ ಅನ್ನಬಹುದಿತ್ತು. ಕೊಟ್ಟದ್ದನ್ನ ಕಿತ್ತುಕೊಳ್ಳೋದು ಬೇರೆ, ಕೊಡದೇ ಇರೋದು ಬೇರೆ.

ಹಾಗಂತ ಒಂದು ಮಾತು ಒಪ್ಪಲೇಬೇಕು. ಮೊಮ್ಮಕ್ಕಳಿಂದ ಕಿತ್ತುಕೊಂಡು ಒಂದು ವರ್ಷ ತುಂಬುವ ಹೊತ್ತಿಗೆ, ಕಳೆದ ಡಿಸೆಂಬರ್ 31ರ ರಾತ್ರಿ, ಹೊಸವರ್ಷದ ಭಾಷಣದಲ್ಲಿ ಯಾರೂ ಊಹಿಸದ ಹಾಗೆ ಆಕೆ ತನ್ನದನ್ನೂ ಬಿಡ್ತೀನಿ ಅಂದರು. ಕಳೆದ ಫೆಬ್ರವರಿಯಲ್ಲಿ ಬೆನ್ನಿನ ದೊಡ್ಡ ಆಪರೇಷನ್ ಆಗಿತ್ತು, ಭವಿಷ್ಯದ ಬಗ್ಗೆ ಯೋಚಿಸಿದ್ದು ಆಗಲೇ ಅಂತ ಹೇಳಿದರು. ಹೊಸ ರಾಣಿ ಮೇರಿ ಆಸ್ಟ್ರೇಲಿಯಾದ ಟಾಸ್ಮೇನಿಯಾದವರು. 2000ದ ಸಿಡ್ನಿ ಒಲಿಂಪಿಕ್ಸ್ ಸಮಯದಲ್ಲಿ ಒಂದು ಪಬ್‌ನಲ್ಲಿ ಫ್ರೆಡೆರಿಕ್ ಪರಿಚಯವಾದದ್ದು. ಒಂದನೇ ಕ್ರಿಶ್ಚಿಯನ್ ಜರ್ಮನಿಯಿಂದ ಬಂದ, ಇವರು ಇನ್ನೂ ದೂರದಿಂದ. ಇವರ ಹಿರಿಯ ಮಗ ಮುಂದೆ ಹನ್ನೊಂದನೇ ಕ್ರಿಶ್ಚಿಯನ್ ಆಗಬೇಕು.

ರಾಜ-ರಾಣಿಯರನ್ನು ಹೂಳೋದು ರೋಸ್ಕಿಲ್ಡೆ ಚರ್ಚ್‌ನಲ್ಲಿ. ಸುಮಾರು 40 ಮಂದಿ ಅಲ್ಲಿದ್ದಾರೆ. ಒಂದನೇ ಮಾರ್ಗ್ರೇಟ ಅಲ್ಲಿದ್ದಾಳೆ, ಒಂದನೇ ಕ್ರಿಶ್ಚಿಯನ್ ಅಲ್ಲಿದ್ದಾನೆ, ಯುರೋಪಿನ ಮಾವನೂ ಅಲ್ಲೇ. ಎರಡನೇ ಮಾರ್ಗ್ರೇಟ ತಮ್ಮ ಸಮಾಧಿಯನ್ನೂ ಮುಂಚೆಯೇ ಮಾಡಿಸಿಟ್ಟಿದ್ದಾರೆ. ಬ್ಯೋರ್ನ್ ನೋರ್‌ಗಾರ್ಡ್ ಅನ್ನೋ ಶಿಲ್ಪಿ ಮಾಡಿದ್ದು, ಗಾಜಿನದ್ದು, ಒಳಗೆ ಇಬ್ಬರ ಆಕೃತಿ, ಗಂಡ ಮತ್ತು ಹೆಂಡತಿ. 2018ರಲ್ಲಿ ಸಿದ್ಧವಾಯಿತು, ಹೆನ್ರಿಕ್ ಹೋದ ವರ್ಷವೇ. ಇಬ್ಬರಿಗೆ ಅಂತ ಮಾಡಿಸಿದ್ದು. ಈಗ ಆಕೆ ಒಬ್ಬರೇ ಮಲಗಬೇಕು.